ಸಹಿ, ಸೊಸೈಟಿ, ಉತಾರ: ಗಳಿಸಿದ ಆಸ್ತಿ ಕೈಜಾರದಂತೆ ಕಾಯುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಸ್ಥಿತಿವಂತ ಮನೆತನಗಳಲ್ಲಿ ಶೇರು ಪೇಟೆ ಬಿದ್ದು ಮನೆ ಮುಳುಗಿದ್ದು ಕಡಿಮೆ. ಮುಳುಗಿಸುವುದು ಬೇರೆ ಮೂರು: ಬೀಗರ ಸಾಲಕ್ಕೆ ಹಾಕಿದ ಸಹಿ, ಒಂದೇ ಸೊಸೈಟಿಯಲ್ಲಿ (ಪತ್ತಿನ ಸಹಕಾರಿ ಸಂಘದಲ್ಲಿ) ತುಂಬಿಟ್ಟ ಠೇವಣಿ, ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಉತಾರ, ಅಂದರೆ ಜಮೀನಿನ ಪಹಣಿ. ಯಾವ ಫಂಡ್ ಒಳ್ಳೆಯದು, ಎಷ್ಟು ಶೇಕಡಾ ಶೇರಿಗೆ ಹಾಕಬೇಕು ಎಂಬ ಪ್ರಶ್ನೆಗಳೆಲ್ಲ ಇವು ಮುಗಿದ ಮೇಲಿನವು. ಅದಕ್ಕೇ ಇಲ್ಲಿ ಹೆಚ್ಚು ಹಾನಿ ಮಾಡುವುದನ್ನು ಮೊದಲಿಗೆ ಇಟ್ಟು ಬರೆದಿದ್ದೇವೆ.

ಮೊದಲು ಒಂದು ಹಾಳೆ

ಮನೆಯ ಹಿರಿಯರ ತಲೆಯಲ್ಲಿ ಇರುವ ಲೆಕ್ಕ ಕಾಗದಕ್ಕೆ ಇಳಿಯಬೇಕು. ಒಂದು ಎಕ್ಸೆಲ್ ಹಾಳೆ ಸಾಕು, ದೊಡ್ಡ ವಹಿಯಾದರೂ ಆದೀತು. ಪ್ರತಿ ಆಸ್ತಿಗೆ ಒಂದು ಸಾಲು. ಕಾಲಂಗಳು ಇಷ್ಟು: ಆಸ್ತಿ ಯಾವುದು, ಸರ್ವೆ ನಂಬರ್ ಅಥವಾ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಅಥವಾ ಖಾತೆ ಸಂಖ್ಯೆ, ದಾಖಲೆಯಲ್ಲಿ ಯಾರ ಹೆಸರು, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಅದರ ಮೇಲೆ ಬೋಜಾ (ಸಾಲದ ಭಾರ) ಇದೆಯೇ, ವಿಮೆ ಎಷ್ಟಕ್ಕೆ, ನಾಮಿನಿ ಯಾರು, ಮೂಲ ಕಾಗದ ಎಲ್ಲಿದೆ. ಕೊನೆಯ ಕಾಲಂ ಬಹಳ ಮನೆಗಳಲ್ಲಿ ಖಾಲಿ ಉಳಿಯುತ್ತದೆ. ಖರೇದಿ ಪತ್ರ ಬ್ಯಾಂಕಿನಲ್ಲಿದೆಯೋ, ವಕೀಲರ ಕಪಾಟಿನಲ್ಲಿದೆಯೋ, ಅಣ್ಣನ ಮನೆಯ ತಿಜೋರಿಯಲ್ಲಿದೆಯೋ ಯಾರಿಗೂ ಖಾತ್ರಿ ಇರುವುದಿಲ್ಲ.

ಹಾಳೆ ತುಂಬಿದ ಮೇಲೆ ಎರಡು ಮೊತ್ತ ತೆಗೆಯಿರಿ: ಒಟ್ಟು ಆಸ್ತಿ ಎಷ್ಟು, ಅದರಲ್ಲಿ ಒಂದು ವಾರದೊಳಗೆ ನಗದಾಗುವುದು ಎಷ್ಟು. ಉದಾಹರಣೆಗೆ ಕಬ್ಬಿನ ಜಮೀನು 9 ಕೋಟಿ, ಕಾರ್ಖಾನೆ ಶೆಡ್ಡು ಮತ್ತು ಯಂತ್ರ 4 ಕೋಟಿ, ಮನೆ 2 ಕೋಟಿ, ಬಂಗಾರ 1 ಕೋಟಿ, ಸೊಸೈಟಿ ಠೇವಣಿ 1.5 ಕೋಟಿ, ಬ್ಯಾಂಕ್ ಎಫ್‌ಡಿ 30 ಲಕ್ಷ, ಶೇರು ಮತ್ತು ಮ್ಯೂಚುವಲ್ ಫಂಡ್ 20 ಲಕ್ಷ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 18 ಕೋಟಿಯ ಮನೆತನ. ಆದರೆ ನಾಳೆ ಆಸ್ಪತ್ರೆಗೋ ಕೋರ್ಟಿಗೋ ಹಣ ಬೇಕೆಂದರೆ ಕೈಗೆ ಸಿಗುವುದು 50 ಲಕ್ಷ. ಉಳಿದದ್ದಕ್ಕೆ ಬಂಗಾರ ಗಿರವಿ ಇಡಬೇಕು, ಇಲ್ಲವೇ ಜಮೀನನ್ನು ಬಂದ ಬೆಲೆಗೆ ಮಾರಬೇಕು. ಅವಸರಕ್ಕೆ ಮಾರುವವನ ಜಮೀನಿಗೆ ಸರಿಯಾದ ಬೆಲೆ ಯಾವ ಊರಲ್ಲೂ ಬರುವುದಿಲ್ಲ. ಮನೆ ಖರ್ಚು, ಸಾಲದ ಕಂತು, ಆಳುಕಾಳಿನ ಪಗಾರ, ಮಕ್ಕಳ ಫೀ ಎಲ್ಲ ಸೇರಿ ಕನಿಷ್ಠ ಹನ್ನೆರಡು ತಿಂಗಳಿಗೆ ಆಗುವಷ್ಟು ಹಣ ಬೇಗ ಸಿಗುವಂತಿರಲಿ. ಕಬ್ಬಿನ ಮನೆಗಳಿಗೆ ಹದಿನೆಂಟು ತಿಂಗಳೇ ಎನ್ನುತ್ತೇವೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು. ಆ ಬಡ್ಡಿ ನಂಬಿ ಮಗಳ ಮದುವೆ ಗೊತ್ತು ಮಾಡಿದವರನ್ನು ನಾವು ಕಂಡಿಲ್ಲ.

ಜಾಮೀನು: ಎಲ್ಲಕ್ಕಿಂತ ದುಬಾರಿ ಸಹಿ

“ನಿಮ್ಮ ಕಡಿಂದ ಒಂದ್ ರೂಪಾಯಿ ಬ್ಯಾಡ್ರಿ ಸಾವಕಾರ್ರ, ಬರೇ ಒಂದ್ ಸಹಿ” ಎಂದು ಬಂದವರಿಗೆ ಇಲ್ಲ ಎನ್ನುವುದು ಕಷ್ಟ. ಆದರೆ ಆ ಸಹಿಯ ಅರ್ಥ ಕಾನೂನಿನಲ್ಲಿ ಸ್ಪಷ್ಟವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಬೇಕು ಎಂಬ ನಿಯಮ ಇಲ್ಲ. ಯಾರ ಆಸ್ತಿ ಸುಲಭವಾಗಿ ಮಾರಾಟವಾಗುತ್ತದೋ ಅವರ ಬಾಗಿಲಿಗೇ ನೋಟಿಸು ಬರುತ್ತದೆ, ಅದು ಸಾಮಾನ್ಯವಾಗಿ ಸ್ಥಿತಿವಂತ ಜಾಮೀನುದಾರನ ಬಾಗಿಲು.

ಜಾಮೀನುದಾರ ತೀರಿಕೊಂಡರೂ ಅಲ್ಲಿಯವರೆಗಿನ ಸಾಲದ ಹೊಣೆ ಅವನು ಬಿಟ್ಟುಹೋದ ಆಸ್ತಿಯ ಮೇಲೆ ಉಳಿಯುತ್ತದೆ. ಮಕ್ಕಳು ಸ್ವಂತ ಗಳಿಕೆಯಿಂದ ತುಂಬಬೇಕಿಲ್ಲ, ತಂದೆಯಿಂದ ಬಂದ ಪಾಲಿನ ಮಟ್ಟಿಗೆ ತುಂಬಬೇಕು. ಸಾಲ ಪಡೆದದ್ದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಇನ್ನೊಂದು ದಾರಿಯೂ ತೆರೆದಿದೆ: 2019ರ ಡಿಸೆಂಬರ್ 1ರಿಂದ ಕಂಪನಿ ಸಾಲದ ಜಾಮೀನುದಾರರ ಮೇಲೆ ದಿವಾಳಿ ಸಂಹಿತೆಯಡಿ ನೇರವಾಗಿ ಅರ್ಜಿ ಹಾಕಬಹುದು.

ಮಾಡಬೇಕಾದದ್ದು ಇಷ್ಟು.

ಮೊದಲನೆಯದಾಗಿ, ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರೂ ತಮ್ಮ ಕ್ರೆಡಿಟ್ ವರದಿ ತೆಗೆಸಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡುತ್ತವೆ. ನೀವು ಜಾಮೀನು ನಿಂತ ಬ್ಯಾಂಕ್ ಸಾಲ ಅದರಲ್ಲಿ ನಿಮ್ಮ ಹೆಸರಿನಡಿ ಕಾಣುತ್ತದೆ. ಊರಿನ ಪತ್ತಿನ ಸಂಘಗಳ ಸಾಲ ಸಾಮಾನ್ಯವಾಗಿ ಕಾಣುವುದಿಲ್ಲ, ಅದನ್ನು ನೆನಪಿನಿಂದ ಬರೆಯಬೇಕು, ಅಥವಾ ಸಂಘಕ್ಕೇ ಪತ್ರ ಕೊಟ್ಟು ಕೇಳಬೇಕು. ಹಾಳೆಯಲ್ಲಿ ಜಾಮೀನನ್ನು ಪೂರ್ಣ ಮೊತ್ತಕ್ಕೆ ಸಾಲವೆಂದೇ ಬರೆಯಿರಿ. “ಅವರು ಕಟ್ಟತಾರ” ಎಂದು ಅರ್ಧ ಬರೆಯುವುದು ನಿಮಗೆ ನೀವೇ ಹೇಳುವ ಸುಳ್ಳು.

ಎರಡನೆಯದು ಸಿಸಿ (ಕ್ಯಾಶ್ ಕ್ರೆಡಿಟ್) ಅಥವಾ ಓಡಿ (ಓವರ್‌ಡ್ರಾಫ್ಟ್) ಸಾಲಕ್ಕೆ ನಿಂತ ಜಾಮೀನು. ಇದು ಮುಂದುವರಿಯುವ ಜಾಮೀನು, ವರ್ಷ ವರ್ಷ ನವೀಕರಣವಾಗುತ್ತ ಹೋಗುತ್ತದೆ. 130ನೇ ಕಲಂ ಪ್ರಕಾರ ಮುಂದಿನ ವ್ಯವಹಾರಗಳ ಮಟ್ಟಿಗೆ ಇದನ್ನು ನೋಟಿಸು ಕೊಟ್ಟು ಹಿಂಪಡೆಯಬಹುದು. ನೋಟಿಸನ್ನು ನೋಂದಣಿ ಸೌಲಭ್ಯದ ಸ್ಪೀಡ್ ಪೋಸ್ಟಿನಲ್ಲಿ ಶಾಖೆಗೂ ಕ್ಷೇತ್ರೀಯ ಕಚೇರಿಗೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಬ್ಯಾಂಕಿನ ಛಾಪಾ ಫಾರ್ಮಿನಲ್ಲಿ ಈ ಹಕ್ಕನ್ನು ಕಟ್ಟಿಹಾಕುವ ಷರತ್ತು ಇರಬಹುದು, ಆದ್ದರಿಂದ ನೋಟಿಸಿಗೆ ಮೊದಲು ನೀವು ಸಹಿ ಮಾಡಿದ ಪತ್ರದ ನಕಲು ತರಿಸಿ ವಕೀಲರಿಗೆ ತೋರಿಸಿ. ಹಳೆಯ ಬಾಕಿ ಇದರಿಂದ ಹೋಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ.

ಮೂರನೆಯದು, ಇಲ್ಲ ಎನ್ನಲು ಆಗದ ಸಂಬಂಧಗಳು. ತಂಗಿಯ ಗಂಡ ಬಂದು ಕೂತರೆ ಕಾಯ್ದೆ ಓದಿ ಹೇಳಲಾಗದು. ಆಗ ಸಾಲದ ಪೂರ್ತಿ ಮೊತ್ತಕ್ಕೆ ಬದಲು ಮಿತಿ ಹಾಕಿದ ಜಾಮೀನು ಕೊಡಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಅಥವಾ ನಿಮಗೆ ಹೋದರೂ ತಡೆಯುವಷ್ಟು ಹಣವನ್ನು ಸಾಲವಾಗಿಯೇ ಬ್ಯಾಂಕ್ ಮೂಲಕ ಕೊಟ್ಟುಬಿಡಿ. ಕೈಗಡ ಕೊಡುವಾಗ 20 ಸಾವಿರ ರೂಪಾಯಿ ಮತ್ತು ಅದಕ್ಕೂ ಮೇಲಿನ ಸಾಲ ನಗದಿನಲ್ಲಿ ಪಡೆಯಬಾರದು ಎಂಬ ಆದಾಯ ತೆರಿಗೆ ನಿಯಮ ನೆನಪಿರಲಿ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಖಾಲಿ ಚೆಕ್ಕಿಗೆ ಸಹಿ ಹಾಕಿ “ಭದ್ರತೆಗೆ” ಕೊಡುವುದಂತೂ ಬೇಡವೇ ಬೇಡ. ಅದು ಬೌನ್ಸ್ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕರಣ, ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ.

ಸಂಘ, ಸೌಹಾರ್ದ, ಕಾರ್ಖಾನೆಗಳ ಸಂಚಾಲಕ ಹುದ್ದೆಯೂ ಒಂದು ಬಗೆಯ ಜಾಮೀನೇ. ಫಲಕದ ಮೇಲೆ ಹೆಸರು, ಸಭೆಯಲ್ಲಿ ಹಾರ ತುರಾಯಿ, ಎಲ್ಲ ಸರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ವಿಚಾರಣೆಯಲ್ಲಿ ಸಂಘಕ್ಕೆ ಆದ ನಷ್ಟ ನಿಮ್ಮ ತೀರ್ಮಾನದಿಂದ ಎಂದು ಬಂದರೆ, 69ನೇ ಕಲಂ ಅಡಿ ನಿಮ್ಮ ಸ್ವಂತ ಆಸ್ತಿಯಿಂದ ವಸೂಲಿ ಮಾಡಬಹುದು. ಸಭೆಗೆ ಹೋಗದೆ ಮನೆಗೆ ಬಂದ ಠರಾವು ಪುಸ್ತಕಕ್ಕೆ ಸಹಿ ಹಾಕುವ ರೂಢಿ ಇದ್ದರೆ ನಿಲ್ಲಿಸಿ. ಒಪ್ಪಿಗೆ ಇಲ್ಲದ ಸಾಲದ ಠರಾವಿನಲ್ಲಿ ನಿಮ್ಮ ವಿರೋಧವನ್ನು ಬರೆಸಿ, ಅದರ ನಕಲು ಮನೆಯಲ್ಲಿ ಇಡಿ.

ಸೊಸೈಟಿ ಠೇವಣಿ: ಅರ್ಧ ಟಕ್ಕೆ (ಶೇಕಡಾ ಅರ್ಧ) ಹೆಚ್ಚಿನ ಬಡ್ಡಿಯ ಬೆಲೆ

ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ಡಿಐಸಿಜಿಸಿ (ಆರ್‌ಬಿಐನ ಠೇವಣಿ ವಿಮಾ ನಿಗಮ) ವಿಮೆಯಿಂದ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2020ರ ಫೆಬ್ರುವರಿ 4ರಿಂದ ಈ ಮಿತಿ ಇದೆ, ಅಸಲು ಬಡ್ಡಿ ಎರಡೂ ಸೇರಿ. ವಾಣಿಜ್ಯ ಬ್ಯಾಂಕು, ಅರ್ಬನ್ ಸಹಕಾರಿ ಬ್ಯಾಂಕು, ಡಿಸಿಸಿ ಬ್ಯಾಂಕುಗಳಿಗೆ ಈ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ, 1997ರ ಸೌಹಾರ್ದ ಕಾಯ್ದೆಯ ಪತ್ತಿನ ಸಹಕಾರಿಗಳಿಗೆ, 2002ರ ಕಾಯ್ದೆಯ ಬಹುರಾಜ್ಯ ಪತ್ತಿನ ಸಂಘಗಳಿಗೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಹವಾನಿಯಂತ್ರಿತ ಶಾಖೆ, ಟೋಕನ್ ಯಂತ್ರ, ಮೊಬೈಲ್ ಆ್ಯಪ್ ನೋಡಿ ಇದು ಬ್ಯಾಂಕೇ ಎಂದುಕೊಳ್ಳುವವರು ಓದಿದವರಲ್ಲೇ ಹೆಚ್ಚು. ಅನುಮಾನ ಇದ್ದರೆ ಡಿಐಸಿಜಿಸಿ ಜಾಲತಾಣದ ವಿಮಿತ ಬ್ಯಾಂಕುಗಳ ಪಟ್ಟಿಯಲ್ಲಿ ಹೆಸರು ಹುಡುಕಿ.

ಇಷ್ಟರಿಂದ ಎಲ್ಲ ಸೊಸೈಟಿಗಳೂ ಕೆಟ್ಟವು ಎಂದಲ್ಲ. ನಮ್ಮ ಕಡೆಯ ಎಷ್ಟೋ ವ್ಯಾಪಾರ ನಿಂತಿರುವುದೇ ಅವುಗಳ ಮೇಲೆ. ಆದರೆ ಅಲ್ಲಿಟ್ಟದ್ದು ಸಾಲ ಕೊಟ್ಟ ಹಾಗೆ ಎಂದು ತಿಳಿದು ಇಡಿ. ಒಂದು ಸಂಘದಲ್ಲಿ ಒಟ್ಟು ಆಸ್ತಿಯ ಶೇ 2ಕ್ಕಿಂತ, ಎಲ್ಲ ಸಂಘಗಳಲ್ಲಿ ಸೇರಿ ಶೇ 5ಕ್ಕಿಂತ ಹೆಚ್ಚು ಬೇಡ ಎಂಬುದು ನಮ್ಮ ಅಳತೆ. ಮೇಲಿನ 18 ಕೋಟಿಯ ಮನೆಗೆ ಅದು ಒಟ್ಟು 90 ಲಕ್ಷ. ಅವರು ಇಟ್ಟಿರುವುದು ಒಂದೂವರೆ ಕೋಟಿ.

ಇಡುವ ಮೊದಲು, ಇಟ್ಟ ಮೇಲೂ ವರ್ಷಕ್ಕೊಮ್ಮೆ, ನೋಡಬೇಕಾದದ್ದು: ಲೆಕ್ಕಪರಿಶೋಧಕರು ಕೊಟ್ಟ ವರ್ಗ ಎ, ಬಿ, ಸಿ, ಡಿ ಯಾವುದು, ಸುಸ್ತಿ ಸಾಲ ಹಿಂದಿನ ವರ್ಷಕ್ಕಿಂತ ಏರಿದೆಯೇ, ಸಂಚಾಲಕರಿಗೂ ಅವರ ನೆಂಟರಿಗೂ ಕೊಟ್ಟ ಸಾಲ ಎಷ್ಟು, ದೊಡ್ಡ ಸಾಲಗಳೆಲ್ಲ ಒಂದೇ ಧಂದೆಗೆ, ಉದಾಹರಣೆಗೆ ಪ್ಲಾಟು ಧಂದೆಗೆ, ಹೋಗಿವೆಯೇ. ಸದಸ್ಯರಿಗೆ ವಾರ್ಷಿಕ ಸಾಮಾನ್ಯ ಸಭೆಯ ವರದಿ ಸಿಗುತ್ತದೆ, ಊಟದ ಕೂಪನ್ ಜೊತೆಗೆ ಅದನ್ನೂ ಮನೆಗೆ ತನ್ನಿ. ಇನ್ನೊಂದು ಪರೀಕ್ಷೆ ವರದಿಗಿಂತ ಬೇಗ ಉತ್ತರ ಹೇಳುತ್ತದೆ. ಒಂದು ಸಣ್ಣ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ ಕೇಳಿ. ಅದೇ ದಿನ ಖಾತೆಗೆ ಹಣ ಬಂದರೆ ಸರಿ. “ಚೇರ್ಮನ್ನರು ಊರಲ್ಲಿಲ್ಲ, ಮುಂದಿನ ಸೋಮವಾರ ಬರ್ರಿ” ಎಂದರೆ ಉಳಿದದ್ದಕ್ಕೂ ಅರ್ಜಿ ಕೊಡುವ ಹೊತ್ತು ಬಂದಿದೆ.

ವಿಮೆ ಇರುವ ಬ್ಯಾಂಕಿನಲ್ಲೂ 5 ಲಕ್ಷ ಎನ್ನುವುದು ಒಬ್ಬ ಠೇವಣಿದಾರನಿಗೆ ಆ ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ. ಗಂಡನ ಒಂಟಿ ಖಾತೆ, ಹೆಂಡತಿಯ ಒಂಟಿ ಖಾತೆ, ಇಬ್ಬರ ಜಂಟಿ ಖಾತೆ, ಅವಿಭಕ್ತ ಕುಟುಂಬದ ಖಾತೆ, ಪಾಲುದಾರಿಕೆ ಸಂಸ್ಥೆಯ ಖಾತೆ ಇವೆಲ್ಲಕ್ಕೂ ಬೇರೆ ಬೇರೆ ಲೆಕ್ಕ. ಸ್ವಂತ ಮಾಲೀಕತ್ವದ ಅಂಗಡಿಯ ಖಾತೆ ಮಾತ್ರ ಮಾಲೀಕನ ಖಾತೆಯ ಜೊತೆಗೇ ಸೇರುತ್ತದೆ. ದೊಡ್ಡ ಮೊತ್ತಕ್ಕೆ ಹತ್ತು ಕಡೆ ಎಫ್‌ಡಿ ಹರಡುವುದಕ್ಕಿಂತ ಸರಕಾರಿ ಸಾಲಪತ್ರಗಳು ಸರಳ. 2021ರ ನವೆಂಬರ್‌ನಿಂದ ಆರ್‌ಬಿಐ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ 91, 182, 364 ದಿನಗಳ ಟ್ರೆಜರಿ ಬಿಲ್ಲುಗಳನ್ನು ಯಾರ ದಲ್ಲಾಲಿಯೂ ಇಲ್ಲದೆ ಕೊಳ್ಳಬಹುದು.

ಇದು ಮುಳುಗಡೆ ಪರಿಹಾರ ಬರಲಿರುವ ಮನೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ಆಲಮಟ್ಟಿ ಎತ್ತರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ನಿಗದಿ ಮಾಡಿದೆ. ಹತ್ತು ಎಕರೆ ನೀರಾವರಿ ಎಂದರೆ 4 ಕೋಟಿ, ಒಮ್ಮೆಲೇ. ಹಣ ಬಂದ ಸುದ್ದಿ ಊರಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ, ಯಾರಿಗೂ ಕೊಡಬೇಡಿ. ಟ್ರೆಜರಿ ಬಿಲ್ಲಿನಲ್ಲಿಯೋ ಎರಡು ಮೂರು ದೊಡ್ಡ ಬ್ಯಾಂಕುಗಳಲ್ಲಿಯೋ ಇರಲಿ. 2013ರ ಭೂಸ್ವಾಧೀನ ಕಾಯ್ದೆಯ 96ನೇ ಕಲಂ ಪ್ರಕಾರ ಆ ಕಾಯ್ದೆಯಡಿಯ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ತಡವಾದ ಪರಿಹಾರದ ಮೇಲೆ ಕೋರ್ಟು ಕೊಡಿಸಿದ ಬಡ್ಡಿಗೂ ಇದೇ ವಿನಾಯಿತಿ ಎಂದು ಭಾವಿಸಬೇಡಿ, ಅದನ್ನು ಸಿಎ ಹತ್ತಿರ ಬೇರೆಯಾಗಿ ಕೇಳಿ. ವಾರಸುದಾರರಲ್ಲಿ ತಕರಾರು ಇದ್ದರೆ ಹಣ ಮನೆಗೆ ಬರುವುದೇ ಇಲ್ಲ, ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ. ಆ ತಕರಾರಿನ ಬೇರು ಬಹುಪಾಲು ಉತಾರದಲ್ಲಿ ಇರುತ್ತದೆ.

ಉತಾರ, ವಾರಸಾ, ವಾಟಣಿ

ಪ್ರತಿ ಸರ್ವೆ ನಂಬರಿನ ಉತಾರ ತೆಗೆಸಿ ಮೂರು ಅಂಶ ನೋಡಿ. 9ನೇ ಕಾಲಂನಲ್ಲಿರುವ ಹೆಸರು ಜೀವಂತ ಇರುವವರದೇ? 11ನೇ ಕಾಲಂನಲ್ಲಿ ತೀರಿಸಿದ ಸಾಲದ ಬೋಜಾ ಇನ್ನೂ ಕೂತಿದೆಯೇ? ಕ್ಷೇತ್ರ ಖರೇದಿ ಪತ್ರಕ್ಕೆ ಹೊಂದುತ್ತದೆಯೇ? ಸಾಲ ತೀರಿದ ಮೇಲೆ ಬ್ಯಾಂಕಿನ ಬಾಕಿ ಇಲ್ಲದ ಪತ್ರ ತಂದು ಮನೆಯಲ್ಲಿಟ್ಟರೆ ಬೋಜಾ ತಾನಾಗಿ ಇಳಿಯುವುದಿಲ್ಲ, ಭೂಮಿ ದಾಖಲೆಯಲ್ಲಿ ಕಡಿಮೆ ಮಾಡಿಸಬೇಕು. ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶಾವಳಿ ಕೊಟ್ಟು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ದಾಖಲೆಗೆ ಏರಿಸಿ. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಿಸುವುದು ಬಹಳ ಊರುಗಳಲ್ಲಿ ನಡೆಯುವ ಕೆಲಸ. ಹತ್ತು ವರ್ಷದ ನಂತರ ದಾವೆ ಬೀಳುವುದೂ ಅಲ್ಲಿಂದಲೇ.

ಹೆಣ್ಣುಮಕ್ಕಳ ವಿಷಯ ಸ್ಪಷ್ಟವಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದ. ಆ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಾಟಣಿ (ಆಸ್ತಿ ವಿಭಾಗ) ಮಾತ್ರ ಗಟ್ಟಿ. “ಹಿರೇರು ಕೂತು ಬಾಯಿಮಾತಿನಲ್ಲಿ ಹಂಚಿದರು” ಎಂಬ ವಾದ ಸರಕಾರಿ ದಾಖಲೆಯ ಆಧಾರ ಇಲ್ಲದೆ ನಿಲ್ಲುವುದು ಕಷ್ಟ. ಅಕ್ಕತಂಗಿಯರು ತಮ್ಮ ಇಚ್ಛೆಯಿಂದ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ನೂರು ರೂಪಾಯಿ ಬಾಂಡಿನ ಮೇಲೆ ಬರೆಸಿ ಸೀರೆ ಉಡಿ ತುಂಬಿ ಕಳಿಸಿದ್ದು ಕೋರ್ಟಿನಲ್ಲಿ ಹಕ್ಕು ಬಿಟ್ಟಂತೆ ಆಗದು. ನಮ್ಮ ಸಲಹೆ ಇನ್ನೂ ಒಂದು ಹೆಜ್ಜೆ ಮುಂದೆ: ಬರೆ ಸಹಿ ತೆಗೆದುಕೊಳ್ಳಬೇಡಿ, ಬದಲಿಗೆ ಹಣವೋ ಪ್ಲಾಟೋ ಕೊಟ್ಟು ಅದನ್ನು ಪತ್ರದಲ್ಲೇ ನಮೂದಿಸಿ. ಏನೂ ಕೊಡದ ಪತ್ರವನ್ನು ಅಳಿಯಂದಿರು ಬೇಗ ಪ್ರಶ್ನಿಸುತ್ತಾರೆ.

ವಾಟಣಿ ಮಾಡುವಾಗ ಸರ್ವೆ ನಂಬರಿನ ತುಂಡು ಹೋಗುವುದಾದರೆ ಮೊದಲು 11ಇ ನಕ್ಷೆ, ಅಂದರೆ ಆ ತುಂಡನ್ನು ಅಳೆದು ತಯಾರಿಸಿದ ಸರ್ವೆ ನಕ್ಷೆ, ಬೇಕು. ಕಾಗದದ ಮೇಲೆ ನಾಲ್ಕು ಸಮಪಾಲು ಮಾಡಿ ಬಾವಿ, ಬೋರು, ದಾರಿ, ಪೈಪ್‌ಲೈನು ಬಿಟ್ಟುಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಬೋರು ಯಾರ ಪಾಲಿಗೆ, ನೀರು ಯಾವ ದಿನ ಯಾರಿಗೆ, ಟ್ರ್ಯಾಕ್ಟರ್ ಹೋಗುವ ದಾರಿ ಎಷ್ಟು ಅಡಿ, ವಿದ್ಯುತ್ ಮೀಟರು ಯಾರ ಹೆಸರಿಗೆ ಎಂದು ಪತ್ರದಲ್ಲಿ ಬರೆಯಿರಿ. ಕುಟುಂಬದೊಳಗಿನ ವಿಭಾಗಪತ್ರ, ದಾನಪತ್ರಗಳಿಗೆ ಮುದ್ರಾಂಕ ಶುಲ್ಕ ಖರೇದಿಗಿಂತ ಬಹಳ ಕಡಿಮೆ. ಶುಲ್ಕ ಉಳಿಸಲು ನೋಂದಣಿ ಬಿಡುವುದರಲ್ಲಿ ಅರ್ಥವೇ ಇಲ್ಲ.

ಮೃತ್ಯುಪತ್ರ ಸರಳ ಕಾಗದ, ಆದರೆ ಕೆಡುವುದೂ ಸಣ್ಣ ಕಾರಣಕ್ಕೆ. ಬರೆದವರು ಸಹಿ ಹಾಕುವುದನ್ನು ಕಂಡ ಇಬ್ಬರು ಸಾಕ್ಷಿಗಳು ಬೇಕು. ಇಬ್ಬರೂ ಬರೆದವರಿಗಿಂತ ವಯಸ್ಸಿನಲ್ಲಿ ಚಿಕ್ಕವರಿರಲಿ, ಪಾಲು ಪಡೆಯುವವರಲ್ಲಿ ಯಾರೂ ಸಾಕ್ಷಿ ಆಗದಿರಲಿ. ಎಂಬತ್ತು ದಾಟಿದವರಾದರೆ ಒಬ್ಬ ಸಾಕ್ಷಿ ಅವರನ್ನು ನೋಡುವ ಡಾಕ್ಟರೇ ಇರಲಿ, ಅದೇ ದಿನದ ದೇಹಸ್ಥಿತಿ ಪ್ರಮಾಣಪತ್ರವೂ ಜೊತೆಗಿರಲಿ. ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ, ಆದರೂ ನೋಂದಣಿ ಮಾಡಿಸಿ. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ಬರೆಯಬಹುದು, ಇಡೀ ಹೊಲ ಒಬ್ಬ ಮಗನಿಗೆ ಎಂದು ಬರೆದರೆ ಅಷ್ಟು ಮಟ್ಟಿಗೆ ಬಿದ್ದುಹೋಗುತ್ತದೆ. ಮುಸ್ಲಿಂ ಕುಟುಂಬಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಹೀಗೆ ಬರೆಯಲು ವಾರಸುದಾರರ ಒಪ್ಪಿಗೆ ಬೇಕು. ಬದುಕಿದ್ದಾಗಲೇ ಹಿಬಾ (ದಾನ) ಕೊಡುವುದಾದರೆ ಸ್ವಾಧೀನವನ್ನೂ ಕೈಗೆ ಒಪ್ಪಿಸಿರಬೇಕು. ಸಾಂಗ್ಲಿ, ಕೊಲ್ಹಾಪುರ ಕಡೆ ಜಮೀನಿದ್ದರೆ ಒಂದೇ ಮೃತ್ಯುಪತ್ರ ಸಾಕು, ಆದರೆ ಅಲ್ಲಿಯ ಸಾತ್‌ಬಾರಾದಲ್ಲಿ (ಮಹಾರಾಷ್ಟ್ರದ ಉತಾರದಲ್ಲಿ) ಹೆಸರು ಏರಿಸುವ ಕೆಲಸ ಬೇರೆ. ಮಗ ಅಮೆರಿಕದಲ್ಲಿದ್ದರೆ ಕೃಷಿ ಜಮೀನು ಅವನಿಗೆ ವಾರಸಾದಿಂದ ಬರಬಹುದು, ಅವನು ಖರೇದಿ ಮಾಡುವಂತಿಲ್ಲ.

ನಾಮಿನಿ ಮಾಡಿದರೆ ಸಾಕು, ಮೃತ್ಯುಪತ್ರ ಏಕೆ ಎನ್ನುವವರಿಗೆ: ಬ್ಯಾಂಕ್ ಠೇವಣಿಯಲ್ಲಿ ನಾಮಿನಿ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವನು ಅಷ್ಟೇ. ಶೇರುಗಳ ವಿಷಯದಲ್ಲೂ ಹೀಗೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ನಾಮಿನಿಗಳನ್ನು ಪಾಲಿನ ಸಮೇತ ನಮೂದಿಸಬಹುದು. ಹಳೆಯ ಎಫ್‌ಡಿಗಳಲ್ಲಿ ತೀರಿಹೋದ ತಾಯಿಯ ಹೆಸರೇ ನಾಮಿನಿಯಾಗಿ ಉಳಿದಿರುತ್ತದೆ, ಒಂದು ದಿನ ಕೂತು ಎಲ್ಲವನ್ನೂ ತಿದ್ದಿಸಿ. ಮುಖತ್ಯಾರ ಪತ್ರವೂ ಬರೆದುಕೊಟ್ಟವರು ಇರುವವರೆಗೆ ಮಾತ್ರ. ಅವರು ತೀರಿಕೊಂಡರೆ, ಬುದ್ಧಿ ಸ್ವಾಧೀನ ಕಳೆದುಕೊಂಡರೆ ಅದೂ ಮುಗಿಯಿತು.

ಧಂದೆಯ ಬೆಂಕಿ ಮನೆಗೆ ಹಬ್ಬದಂತೆ

ಪಾಲುದಾರಿಕೆ ಸಂಸ್ಥೆಯಲ್ಲಿ ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಎಲ್ಲರ ಮನೆ, ಬಂಗಾರವೂ ಹೊಣೆ. ಪತ್ರದಲ್ಲಿ ಬೇರೆ ಬರೆಯದಿದ್ದರೆ ಒಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆ ಆಗುತ್ತದೆ, ಬ್ಯಾಂಕ್ ಖಾತೆ ನಿಲ್ಲುತ್ತದೆ. ಇಪ್ಪತ್ತು ವರ್ಷ ಹಳೆಯ ಪಾಲುದಾರಿಕೆ ಪತ್ರವನ್ನು ಒಮ್ಮೆ ಓದಿ. ಫೌಂಡ್ರಿ, ಗ್ರಾನೈಟ್, ಟ್ರಾನ್ಸ್‌ಪೋರ್ಟ್, ದ್ರಾಕ್ಷಿ ರಫ್ತಿನಂಥ ಧಂದೆಗಳಿಗೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಮೇಲು. ಆದರೆ ಬ್ಯಾಂಕು ವೈಯಕ್ತಿಕ ಜಾಮೀನು ಕೇಳಿದರೆ ಆ ಗೋಡೆಯಲ್ಲಿ ಅಷ್ಟು ದೊಡ್ಡ ಬಾಗಿಲು ನೀವೇ ತೆರೆದಂತೆ. ವಾಸದ ಮನೆಯನ್ನು ಧಂದೆಯ ಸಾಲಕ್ಕೆ ಅಡ ಇಡುವುದನ್ನು ಆದಷ್ಟು ತಪ್ಪಿಸಿ. ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೊಡುವ ನೋಟಿಸಿನ ಅವಧಿ 60 ದಿನ, ಆಮೇಲೆ ಕೋರ್ಟಿಗೆ ಹೋಗದೆ ಸ್ವಾಧೀನಕ್ಕೆ ಕೈ ಹಾಕಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಹಾಗೆಂದು ಜಮೀನು ಸಾಲದಿಂದ ಪಾರಾಯಿತು ಎಂದಲ್ಲ, ಬೇರೆ ದಾವೆಯ ದಾರಿಗಳಿವೆ.

ಸಾಲ ಮೈಮೇಲೆ ಬಂದ ಮೇಲೆ ಮನೆಯನ್ನು ಹೆಂಡತಿಯ ಹೆಸರಿಗೆ ದಾನ ಮಾಡುವುದು ಹಳೆಯ ಉಪಾಯ. ಸಾಲ ಕೊಟ್ಟವರಿಗೆ ವಂಚಿಸಲು ಮಾಡಿದ ವರ್ಗಾವಣೆಯನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ರದ್ದು ಮಾಡಿಸಬಹುದು. ಖಾಸಗಿ ಟ್ರಸ್ಟಿಗೂ ಇದೇ ಮಾತು. ಟ್ರಸ್ಟು, ದಾನ ಏನಿದ್ದರೂ ಸಾಲ ಇಲ್ಲದ ಒಳ್ಳೆಯ ದಿನಗಳಲ್ಲಿ ಮಾಡುವ ಕೆಲಸ. ಅಂಗವಿಕಲ ಮಗು ಇರುವ ಮನೆ, ಮಕ್ಕಳೆಲ್ಲ ಹೊರದೇಶದಲ್ಲಿರುವ ಮನೆ ಬಿಟ್ಟರೆ ಉಳಿದವರಿಗೆ ಟ್ರಸ್ಟಿನ ಖರ್ಚು ದಕ್ಕುವುದು ಅಪರೂಪ.

ವಿಮೆ

ಧಂದೆ ಇರುವ ಗಂಡಸರು ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಳ್ಳಬೇಕು. ಆಗ ಆ ಹಣ ಹೆಂಡತಿ ಮಕ್ಕಳದು, ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಪಾಲಿಸಿ ಕೊಳ್ಳುವಾಗಲೇ ಆ ಫಾರ್ಮು ತುಂಬಬೇಕು, ಆಮೇಲೆ ಆಗದು, ಫಲಾನುಭವಿಯನ್ನು ಬದಲಿಸಲೂ ಆಗದು. ಮೊತ್ತ ಎಷ್ಟೆಂದರೆ ಹಾಳೆಯಲ್ಲಿನ ಎಲ್ಲ ಸಾಲ, ಜಾಮೀನು ಸೇರಿ, ಮೇಲೆ ಹತ್ತು ವರ್ಷದ ಮನೆ ಖರ್ಚು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಆರೋಗ್ಯ ವಿಮೆಯಲ್ಲಿ ನಿಮ್ಮವರು ನಿಜವಾಗಿ ಹೋಗುವ ಬೆಳಗಾವಿ, ಮಿರಜ, ಹುಬ್ಬಳ್ಳಿ, ಪುಣೆಯ ಆಸ್ಪತ್ರೆಗಳು ನಗದುರಹಿತ ಪಟ್ಟಿಯಲ್ಲಿವೆಯೇ ನೋಡಿ. ಸಕ್ಕರೆ ಕಾಯಿಲೆ, ಬಿಪಿ ಮುಚ್ಚಿಡಬೇಡಿ.

ಆಸ್ತಿ ವಿಮೆಯಲ್ಲಿ ಹಣ ಹೋಗುವುದು ಕಡಿಮೆ ಮೊತ್ತಕ್ಕೆ ಮಾಡಿಸುವುದರಿಂದ. ಗೋದಾಮಿನಲ್ಲಿ 2 ಕೋಟಿಯ ಮಾಲು, ವಿಮೆ 1 ಕೋಟಿಗೆ, ಬೆಂಕಿಯಲ್ಲಿ ಸುಟ್ಟದ್ದು 40 ಲಕ್ಷದ ಮಾಲು ಎಂದಿಟ್ಟುಕೊಳ್ಳಿ. ವಿಮೆ 1 ಕೋಟಿ ಇದೆ, ಪೂರ್ತಿ 40 ಲಕ್ಷ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದು 20 ಲಕ್ಷ, ಯಾಕೆಂದರೆ ನೀವು ಅರ್ಧಕ್ಕಷ್ಟೇ ವಿಮೆ ಮಾಡಿಸಿದ್ದೀರಿ. ಒಂದು ಜಾಗದಲ್ಲಿ 50 ಕೋಟಿವರೆಗಿನ ಆಸ್ತಿ ಇರುವ ಧಂದೆಗಳ ಭಾರತ್ ಸೂಕ್ಷ್ಮ ಮತ್ತು ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ ಶೇ 15ರವರೆಗಿನ ಕೊರತೆಗೆ ಮಾತ್ರ ಮಾಫಿ ಇದೆ. ದ್ರಾಕ್ಷಿ ಬೆಳೆಗಾರರು ಇನ್ನೊಂದು ಕಡೆ ನೋಡಬೇಕು: ಶೀತಲಗೃಹದಲ್ಲಿಟ್ಟ ಮಣೂಕ (ಒಣದ್ರಾಕ್ಷಿ), ಯಂತ್ರ ಕೆಟ್ಟು ಹಾಳಾದರೆ ಬೆಂಕಿ ಪಾಲಿಸಿ ಕೊಡುವುದಿಲ್ಲ. ಮಾಲು ಕೆಡುವುದಕ್ಕೆ ಬೇರೆ ಪಾಲಿಸಿ ಇದೆ, ಅದಕ್ಕೆ ಯಂತ್ರದ ಬ್ರೇಕ್‌ಡೌನ್ ಪಾಲಿಸಿಯೂ ಜೊತೆಗೆ ಬೇಕು. ಶೀತಲಗೃಹದ ಮಾಲೀಕರ ಪಾಲಿಸಿಯಲ್ಲಿ ಗ್ರಾಹಕರ ಮಾಲು ಸೇರಿದೆಯೇ ಎಂದು ಪಾಲಿಸಿಯ ನಕಲು ಕೇಳಿ ನೋಡಿ, ಬಾಯಿಮಾತು ಬೇಡ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಹವಾಮಾನ ಕೇಂದ್ರದ ಅಂಕಿ ಮೇಲೆ ಬರುತ್ತದೆ, ನಿಮ್ಮ ತೋಟದ ಗೊನೆ ನೋಡಿ ಅಲ್ಲ.

ಮನೆಗೆ ಭಾರತ್ ಗೃಹ ರಕ್ಷಾ ಸಾಕು, ಪ್ರವಾಹವೂ ಅದರಲ್ಲಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ದಂಡೆಯ ಊರುಗಳು ಕಂಡದ್ದನ್ನು ನೆನೆದರೆ ಅದು ದುಬಾರಿ ಅನಿಸದು. ಸಾಮಾನ್ಯ ಕಳ್ಳತನಕ್ಕೆ ಮಾತ್ರ ಬೇರೆ ಪಾಲಿಸಿ ಬೇಕು.

ಬಂಗಾರ ಮತ್ತು ಫೋನು

ಬ್ಯಾಂಕ್ ಲಾಕರಿನಲ್ಲಿ ಇಟ್ಟದ್ದಕ್ಕೆ ಬ್ಯಾಂಕು ಪೂರ್ತಿ ಹೊಣೆ ಎಂಬುದು ತಪ್ಪು ತಿಳಿವಳಿಕೆ. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಆದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಬಾಡಿಗೆ 3,000 ಇದ್ದರೆ 3 ಲಕ್ಷ. ನೆರೆಯಂಥ ನೈಸರ್ಗಿಕ ವಿಕೋಪಕ್ಕೆ ಹೊಣೆಯೇ ಇಲ್ಲ. ನದಿ ದಂಡೆಯ ಊರಿನ ಶಾಖೆಯಲ್ಲಿ, ಅದೂ ನೆಲಮಾಳಿಗೆಯ ಲಾಕರಿದ್ದರೆ, ಎತ್ತರದ ಊರಿಗೆ ಬದಲಿಸಿ. ಒಡವೆಗಳ ಫೋಟೊ, ತೂಕ, ಬಿಲ್ಲು, ಹಾಲ್‌ಮಾರ್ಕಿನ ಆರು ಅಕ್ಷರಗಳ ಗುರುತು ಬರೆದಿಡಿ. ತಲೆಮಾರಿನ ಬಂಗಾರಕ್ಕೆ ಬಿಲ್ಲಿರುವುದಿಲ್ಲ. ಆದಾಯ ತೆರಿಗೆ ಶೋಧದಲ್ಲಿ ಮದುವೆಯಾದ ಹೆಣ್ಣಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬಾರದೆಂದು 1994ರ ಸೂಚನೆ ಇದೆ. ಅದಕ್ಕೂ ಮೇಲಿನದಕ್ಕೆ ಮೃತ್ಯುಪತ್ರ, ವಾಟಣಿ ಪತ್ರಗಳಲ್ಲಿ ಬಂಗಾರದ ತೂಕ ಬರೆದಿದ್ದರೆ ಅದೇ ಆಧಾರ.

ಫೋನಿನ ವಿಷಯ ಚಿಕ್ಕದು. ತಿಂಗಳಿಗೆ ನೂರಕ್ಕೆ ಮೂರು ನಾಲ್ಕು ಬಡ್ಡಿ ಖಾತ್ರಿ ಎಂದವರನ್ನು ಬಾಗಿಲಲ್ಲೇ ಕಳಿಸಿ, ಅವರು ಊರಿನ ಗುರುತಿನವರೇ ಆಗಿದ್ದರೂ. ಪೊಲೀಸ್, ಸಿಬಿಐ ಎಂದು ವಿಡಿಯೊ ಕರೆ ಮಾಡಿ ಬಂಧಿಸುವ ಕಾನೂನು ಭಾರತದಲ್ಲಿಲ್ಲ ಎಂದು ಮನೆಯ ಹಿರಿಯರಿಗೆ ಮತ್ತೆ ಮತ್ತೆ ಹೇಳಿ. ದೊಡ್ಡ ಮೊತ್ತದ ಖಾತೆಗೆ ಯುಪಿಐ ಜೋಡಿಸಬೇಡಿ, ದಿನ ಬಳಕೆಗೆ 50 ಸಾವಿರದ ಇನ್ನೊಂದು ಖಾತೆ ಸಾಕು. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಯಲ್ಲಿ ಹಣ ಇನ್ನೂ ಯಾವುದೋ ಖಾತೆಯಲ್ಲಿ ತಡೆಯಲು ಸಿಗುವ ಸಂಭವ ಹೆಚ್ಚು.

ವರ್ಷಕ್ಕೆ ಒಂದು ದಿನ

ದೀಪಾವಳಿ ಪಾಡ್ಯದ ದಿನ ಹೊಸ ವಹಿ ಪೂಜೆ ಮಾಡುವ ಮನೆಗಳಲ್ಲಿ ಅದರ ಮರುವಾರ ಈ ಹಾಳೆಯನ್ನೂ ತೆಗೆಯಿರಿ. ಸೊಸೆ, ಮಗಳು, ದೊಡ್ಡ ಮೊಮ್ಮಕ್ಕಳು ಸೇರಿ ಎಲ್ಲರೂ ಕೂರಲಿ. ಹೊಸ ಉತಾರ, ಕ್ರೆಡಿಟ್ ವರದಿ, ಸೊಸೈಟಿ ವರದಿ, ವಿಮೆ ನವೀಕರಣದ ರಸೀದಿ ಇವು ನಾಲ್ಕು ಮೇಜಿನ ಮೇಲೆ ಇರಬೇಕು. ವಿಮೆಯ ಮೊತ್ತವನ್ನು ಆ ದಿನದ ಬೆಲೆಗೆ ತಿದ್ದಿ. ಆ ವರ್ಷ ಯಾರಾದರೂ ಹೊಸ ಜಾಮೀನು ಕೊಟ್ಟಿದ್ದರೆ ಎಲ್ಲರೆದುರು ಹೇಳಿ ಬರೆಸಬೇಕು. ಹಾಳೆಯ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನಂಬಿಕಸ್ತರ ಬಳಿ ಇರಲಿ, ಪಾಸ್‌ವರ್ಡುಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ.